ಇಪ್ಪತ್ತೊಂದು ತಲೆ

ನಮ್ಮ ಗುರುವಾರದ ನಡಿಗೆಗೆ ಖರ್ಚೇನೂ ಹೆಚ್ಚಿಲ್ಲ. ಅರವತ್ತೈದು ದಾಟಿದವರಿಗೆ ಪ್ರಾಗ್ ಊರೊಳಗೆ ಟ್ರಾಮು ಪುಕ್ಕಟೆ. ಊರ ಗಡಿ ದಾಟಿದ ಮೇಲೆ ರೈಲು, ಬಸ್ಸು ಸೇರಿ ಹೋಗಿಬರಲು ನಲವತ್ತು ಕೊರುನ ಹಿಡಿಯಿರಿ. ಬೆಳ್ಳುಳ್ಳಿ ಸಾರಿಗೆ ಐವತ್ತು, ಬಿಯರಿಗೆ ಐವತ್ತೈದು. ಗುಲಾಶ್ ಎಂಬ ಮಾಂಸದ ಗೊಜ್ಜು ತಿನ್ನುವವರಿಗೆ ಇನ್ನೂ ನೂರೈವತ್ತು; ತಿನ್ನದವರು ಬ್ರೆಡ್ಡಿನ ನಡುವೆ ಕರಿದ ಮಾಂಸದ ತುಂಡು ಇಟ್ಟುಕೊಂಡು ಮನೆಯಿಂದಲೇ ಬುತ್ತಿ ತರುತ್ತಾರೆ. ಶೂ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇಷ್ಟರಲ್ಲಿ ಒಂದು ದಿನದ ಕಾಡು, ಬಿಸಿ ಊಟ, ಮಾತಿಗೆ ಜನ. ಹೆಂಡತಿಯನ್ನೋ ಗಂಡನನ್ನೋ ಕಳೆದುಕೊಂಡು ಒಂದೇ ಕೋಣೆಯ ಮನೆಯಲ್ಲಿ ರೇಡಿಯೋ ಹಾಕಿಕೊಂಡು ಕೂರುವವರಿಗೆ ಕಾಡು, ಊಟ ನೆಪ. ಅವರು ಬರುವುದು ಮಾತಿಗೆ.

ಪ್ರಾಗ್ ನೋಡಲು ಲೋಕವೆಲ್ಲ ಬರುತ್ತದೆ. ಪ್ರಾಗ್‌ನವರು ಬಿಡುವು ಸಿಕ್ಕಿತೆಂದರೆ ಊರು ಬಿಟ್ಟು ಓಡುತ್ತಾರೆ. ನಾನು ಮೂವತ್ತೊಂದು ವರ್ಷ ಟ್ರಾಮು ಓಡಿಸಿದವಳು. ಕೆಲಸದಲ್ಲಿದ್ದಾಗಲೂ ರಜೆಯ ದಿನ ರೈಲು ಹತ್ತಿ ಕಾಡಿಗೇ ಹೋಗುತ್ತಿದ್ದೆ. ನಿವೃತ್ತಿಯಾದ ಮೇಲೆ ಹಳೆಯ ಗೆಳೆಯ ವಿಲೆಮ್ ಈ ಗುಂಪನ್ನು ನನ್ನ ಕೈಗೆ ಕೊಟ್ಟ. ಗುಂಪು ಕಟ್ಟಿದವನೇ ಅವನು. ಎಂಬತ್ತಾದ ಮೇಲೆ, "ಕ್ವೆತಾ, ಮುಂದೆ ನಡೆಯೋಕೆ ನನ್ನ ಮೊಣಕಾಲು ಒಪ್ತಿಲ್ಲ. ಇನ್ನು ನೀನು ಮುಂದೆ, ನಾನು ನಡುವೆ," ಎಂದ. ಹಾಗೆ ಕಳೆದ ಏಳು ವರ್ಷ ತಿಂಗಳಿಗೊಮ್ಮೆ ಗ್ರಂಥಾಲಯದ ಗೋಡೆಗೆ ನನ್ನದೇ ಅಕ್ಷರದ ಚೀಟಿ ಅಂಟಿಸುತ್ತ ಬಂದೆ: ಯಾವ ರೈಲು, ಎಷ್ಟು ಗಂಟೆಗೆ, ಎಷ್ಟು ಕಿಲೋಮೀಟರು, ಏರು ಎಷ್ಟು, ವಾಪಸು ಬರುವ ಬಸ್ಸು ಯಾವುದು. ಕೊನೆಗೆ ಒಂದೇ ಸಾಲು: "ಸುಲಭ. ಯಾರು ಬೇಕಾದರೂ ಬನ್ನಿ. ಹೆಸರು ಬರೆಸಬೇಕಾಗಿಲ್ಲ."

ಕೊನೆಯ ಮಾತು ವಿಲೆಮ್‌ನ ಕಾಲದ್ದು. ಅದನ್ನು ತೆಗೆಯಲು ಅವನು ಬಿಡುತ್ತಿರಲಿಲ್ಲ. ತೆಗೆಯುವ ಮನಸ್ಸು ನನಗೂ ಇರಲಿಲ್ಲ. ಎಪ್ಪತ್ತೆರಡನೇ ಇಸವಿಯಲ್ಲಿ ಅವನು ಹದಿಮೂರು ಗೆಳೆಯರ ಜೊತೆ ನದೀದಂಡೆಗೆ ಹೋಗಿದ್ದ. ಗುಂಪಿನ ಟಿಕೆಟ್ಟಿಗೆ ರಿಯಾಯಿತಿ ಸಿಗುತ್ತದೆಂದು ಒಬ್ಬ ಹದಿನಾಲ್ಕು ಹೆಸರು ಬರೆದು ಕೌಂಟರಿಗೆ ಕೊಟ್ಟ. ಸಂಜೆ ಬೆಂಕಿ ಹಾಕಿಕೊಂಡು ಗಿಟಾರು ಬಾರಿಸಿ, ಆಗಿನ ಕಮ್ಯುನಿಸ್ಟ್ ಸರ್ಕಾರ ನಿಷೇಧಿಸಿದ್ದ ಎರಡು ಹಾಡು ಹಾಡಿದರು. ಯಾರು ಚಾಡಿ ಹೇಳಿದರೋ ದೇವರಿಗೇ ಗೊತ್ತು. ಪೊಲೀಸರಿಗೆ ಹೆಸರು ಹುಡುಕುವ ಕಷ್ಟವೂ ಇರಲಿಲ್ಲ, ಪಟ್ಟಿ ತಯಾರಾಗಿಯೇ ಇತ್ತು. ನಕ್ಷೆ ಬರೆಯುವ ಕೆಲಸದಲ್ಲಿದ್ದ ವಿಲೆಮ್ ಆ ಕೆಲಸ ಕಳೆದುಕೊಂಡು ಒಂಬತ್ತು ವರ್ಷ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕಿದ.

ಆದ್ದರಿಂದ ನಮ್ಮಲ್ಲಿ ಪಟ್ಟಿ ಇಲ್ಲ. ತಲೆ ಎಣಿಸುವುದು ಮಾತ್ರ. ಹೊರಡುವಾಗ ಎಣಿಕೆ, ಊಟವಾದ ಮೇಲೆ ಎಣಿಕೆ, ಬಸ್ಸು ಹತ್ತುವಾಗ ಎಣಿಕೆ. ಮುಂದೆ ನಾನು, ಬಾಲಕ್ಕೆ ಬೊಹೌಷ್. ಬೀಗ ರಿಪೇರಿ ಮಾಡುತ್ತಿದ್ದ ಮನುಷ್ಯ, ಒಳ್ಳೆಯವನು, ಮಾತು ಜಾಸ್ತಿ. ದಾರಿ ಕವಲೊಡೆಯುವಲ್ಲಿ ನಾನು ನಿಲ್ಲುತ್ತೇನೆ. ಬೊಹೌಷನ ಕೆಂಪು ಟೋಪಿ ಕಂಡ ಮೇಲೆ ಮುಂದೆ. ಏಳು ವರ್ಷದಲ್ಲಿ ಒಬ್ಬರೂ ತಪ್ಪಿರಲಿಲ್ಲ.

ಹೋದ ಅಕ್ಟೋಬರಿನ ಕೊನೆಗೆ ಒಬ್ಬರು ಹೊಸಬರು ಬಂದರು. ಎಪ್ಪತ್ತೈದರ ಆಸುಪಾಸು, ತೆಳ್ಳಗೆ, ಕ್ಷೌರ ನೀಟಾಗಿ ಮಾಡಿದ ಮುಖ. ಸ್ಟೇಷನ್ನಿನ ಗಡಿಯಾರದ ಕೆಳಗೆ ಎಲ್ಲರಿಗಿಂತ ಮೊದಲೇ ಬಂದು ನಿಲ್ಲುತ್ತಿದ್ದರು. ಎರಡನೇ ಗುರುವಾರ ನನ್ನ ಹತ್ತಿರ ಬಂದು, ಕೈಗವಸು ಕಳಚಿ, ಕೈ ಚಾಚಿದರು. ಪರಿಚಯವಿಲ್ಲದ ಹೆಂಗಸಿಗೆ ನಮ್ಮಲ್ಲಿ 'ಪಾನಿ' ಅನ್ನುತ್ತಾರೆ, ಗಂಡಸಿಗೆ 'ಪಾನ್'.

"ಪಾನಿ, ನಾನು ಇನ್ನೂ ಪರಿಚಯ ಹೇಳ್ಕೊಂಡಿಲ್ಲ. ನನ್ನ ಹೆಸರು..."

"ಅಯ್ಯೋ, ಹೆಸರೆಲ್ಲ ಇಲ್ಲಿ ಬೇಡ ಪಾನ್!" ನಾನು ಅವರ ಕೈ ಕುಲುಕಿ ನಕ್ಕೆ. "ಇಲ್ಲಿ ತಲೆ ಇದ್ರೆ ಸಾಕು. ಹೆಸರು ತಗೊಂಡು ಏನ್ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ?"

ಸುತ್ತಲಿದ್ದವರು ನಕ್ಕರು. ಅವರೂ ನಕ್ಕು, ಕೈಗವಸು ಹಾಕಿಕೊಂಡರು. ಮತ್ತೆ ಹೇಳಲಿಲ್ಲ.

ನಮ್ಮಲ್ಲಿ ಜೊತೆಗೆ ನಡೆಯುವವರೆಲ್ಲ ಒಬ್ಬರಿಗೊಬ್ಬರು 'ನೀನು'. ಆದರೆ ಅದಕ್ಕೂ ಒಂದು ಕ್ರಮ ಇದೆ. ಒಟ್ಟಿಗೆ ಕೂತು ಒಂದು ಗ್ಲಾಸು ತಾಗಿಸಬೇಕು, ಹೆಸರು ಹೇಳಿಕೊಳ್ಳಬೇಕು, ಅಲ್ಲಿಂದ ಮುಂದೆ 'ನೀನು'. ಇವರು ಯಾವುದೋ ಮಾತ್ರೆ ನುಂಗುತ್ತಿದ್ದರು, ಬಿಯರು ಕುಡಿಯುತ್ತಿರಲಿಲ್ಲ. ಮೂಲೆಯಲ್ಲಿ ಚಹಾ ಹಿಡಿದು ಕೂರುತ್ತಿದ್ದರು. ಚಹಾದ ಲೋಟಕ್ಕೆ ಯಾರೂ ಗ್ಲಾಸು ತಾಗಿಸುವುದಿಲ್ಲ. ಹಾಗಾಗಿ ನಾಲ್ಕು ಗುರುವಾರವಾದರೂ ಅವರು ಎಲ್ಲರಿಗೂ 'ನೀವು' ಆಗಿಯೇ ಉಳಿದರು.

ನಾಲ್ಕನೆಯ ಗುರುವಾರ ನವೆಂಬರಿನ ನಡುಭಾಗ. ಸ್ಟೇಷನ್ನಿನಲ್ಲಿ ಎಣಿಸಿದೆ: ನನ್ನನ್ನೂ ಸೇರಿಸಿ ಇಪ್ಪತ್ತೊಂದು. ಮಂಜು ನೆಲಕ್ಕಿಳಿದಿತ್ತು. ರೈಲಿನಲ್ಲಿ ನಲವತ್ತು ನಿಮಿಷ, ನದಿಯ ಪಕ್ಕ ಆರು ಕಿಲೋಮೀಟರು ಸಮತಟ್ಟು ದಾರಿ, ಹಳ್ಳಿಯ ಪಬ್ಬಿನಲ್ಲಿ ಊಟ. ಅಲ್ಲಿಂದ ಗುಡ್ಡದ ಸೆರಗು ಹತ್ತಿ ಮೂರೂವರೆ ಕಿಲೋಮೀಟರು ನಡೆದರೆ 'ಹಳೇ ಗಿರಣಿ' ಬಸ್ ನಿಲ್ದಾಣ. ದಾರಿಯುದ್ದಕ್ಕೂ ಮರಗಳ ಮೇಲೆ ಎರಡು ಬಿಳಿ ಗೆರೆಯ ನಡುವೆ ಹಳದಿ ಗೆರೆ ಬಳಿದಿರುತ್ತಾರೆ. ಅದನ್ನು ಹಿಡಿದರೆ ಮಕ್ಕಳೂ ತಪ್ಪುವುದಿಲ್ಲ. ನಾನು ಸೆಪ್ಟೆಂಬರಿನಲ್ಲೇ ಒಬ್ಬಳೇ ನಡೆದು ನೋಡಿ ಬಂದಿದ್ದೆ. ನೋಡದ ದಾರಿಗೆ ನಾನು 'ಸುಲಭ' ಎಂದು ಬರೆಯುವುದಿಲ್ಲ.

ಪಬ್ಬಿನೊಳಗೆ ಬೆಚ್ಚಗಿತ್ತು, ಒದ್ದೆ ಕೋಟುಗಳ ವಾಸನೆ. ಬೊಹೌಷ್ ಪಕ್ಕದ ಮೇಜಿನ ಒಬ್ಬ ಹಳ್ಳಿಯವನ ಜೊತೆ ಅಣಬೆ ಕಥೆ ಶುರುಮಾಡಿದ.

"ಬಕೆಟ್ಟಿನಷ್ಟು ದೊಡ್ಡ ಅಣಬೆಯಂತೆ! ನೀನು ನೋಡಿದ್ದು ಅಣಬೇನೋ, ಯಾರೋ ಬಿಟ್ಟುಹೋದ ಕುರ್ಚೀನೋ?" ಎಂದ ಬೊಹೌಷ್.

"ಕುರ್ಚಿ ಆದ್ರೆ ಬೆಣ್ಣೇಲಿ ಹುರಿದು ತಿಂದಿರ್ತಿದ್ನಾ? ನಿಮ್ಮ ಪ್ರಾಗ್‌ನವ್ರಿಗೆ ಅಣಬೆ ಅಂದ್ರೆ ಡಬ್ಬೀಲಿ ಬರೋದು!"

ಎರಡು ಗಂಟೆಗೆ ನಾನು ಎದ್ದೆ. ಮೂರು ಹದಿನೇಳರ ಬಸ್ಸು ತಪ್ಪಿದರೆ ಮುಂದಿನದು ಐದೂವರೆಗೆ. ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ. "ಏಳಿ, ಏಳಿ, ಕುರ್ಚಿಗೆ ಬೇರು ಬಿಟ್ಟಿದೀರಾ?" ಎಂದು ಎಲ್ಲರನ್ನೂ ಎಬ್ಬಿಸಿದೆ. ಅಂಗಳದಲ್ಲಿ ಟೋಪಿ, ಮಫ್ಲರು ಸುತ್ತಿಕೊಂಡು ಸಾಲಾದರು. ನಾನು ಗೇಟಿನ ಹತ್ತಿರ ನಿಂತು ಎಣಿಸಿದೆ. ಇಪ್ಪತ್ತೊಂದು. ಸರಿ, ಹೊರಟೆವು.

ಐವತ್ತು ಹೆಜ್ಜೆ ಹೋಗಿರಲಿಲ್ಲ, ಪಬ್ಬಿನಾಕೆ ಏಪ್ರನ್ನಿನಲ್ಲೇ ಓಡಿಬಂದು ಒಂದು ಮೆತ್ತೆ ನನ್ನ ಕೈಗಿಟ್ಟಳು. ಕಾಡಿನಲ್ಲಿ ಒದ್ದೆ ಕಟ್ಟಿಗೆಯ ಮೇಲೆ ಹಾಕಿಕೊಂಡು ಕೂರುವಂಥದ್ದು. ಸ್ಪಂಜಿನ ತುಂಡಿಗೆ ನೀಲಿ ಚೌಕುಳಿಯ ರೆಕ್ಸಿನ್ ಹೊಲಿದು, ಅಂಚಿಗೆ ನೀಟಾಗಿ ಪಟ್ಟೆ ಕಟ್ಟಿತ್ತು. ಮನೆಯಲ್ಲಿ ಯಾವುದೋ ಹೆಂಗಸು ಹೊಲಿದದ್ದು, ನೋಡಿದರೆ ಗೊತ್ತಾಗುತ್ತಿತ್ತು.

"ನಿಮ್ಮವರದ್ದು ಪಾನಿ. ಬೆಂಚಿನ ಮೇಲೇ ಬಿಟ್ಟಿದಾರೆ."

"ಯಾರದ್ರೀ ಮೆತ್ತೆ?" ಎಂದು ಕೂಗಿದೆ. ಮಾತಿನ ಗದ್ದಲ ಇತ್ತು. ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಕೇಳೋಣ ಎಂದು ಬೆನ್ನುಚೀಲಕ್ಕೆ ಸಿಕ್ಕಿಸಿಕೊಂಡೆ. ತಲೆ ಸರಿಯಿತ್ತಲ್ಲ, ಅವಸರವೇನು?

ಗುಡ್ಡದ ಮೇಲೆ ಬಂದಾಗ ನಾನು ಒಮ್ಮೆ ನಿಂತು ಸುತ್ತ ನೋಡಿದೆ. ಸೆಪ್ಟೆಂಬರಿನಲ್ಲಿ ಕಾಡು ಇದ್ದಲ್ಲಿ ಈಗ ಬಯಲು. ತೊಗಟೆಹುಳು ಹಿಡಿದ ಮರಗಳನ್ನೆಲ್ಲ ಕಡಿದು ಸಾಲಾಗಿ ಪೇರಿಸಿದ್ದರು. ಮರದ ಜೊತೆ ಹಳದಿ ಗೆರೆಯೂ ಹೋಗಿತ್ತು. ಟ್ರಾಕ್ಟರಿನ ಗಾಲಿ ಎಂಟು ದಿಕ್ಕಿಗೂ ಹೊಸ ದಾರಿ ಮಾಡಿತ್ತು. ನನಗೆ ದಾರಿ ಗೊತ್ತು; ಓರೆಯಾಗಿ ದಾಟಿ ಆಚೆ ಬದಿಯ ಬೇಲಿ ಹಿಡಿದೆ. ಉಳಿದವರು ನನ್ನ ಬೆನ್ನು ನೋಡಿಕೊಂಡು ಬಂದರು. "ವಾಪಸು ಹೋದ ಮೇಲೆ ಗೆರೆ ಬಳಿಯೋರಿಗೆ ಫೋನ್ ಮಾಡಬೇಕು," ಎಂದೆ ವಿಲೆಮ್‌ಗೆ. ಅಷ್ಟೇ ಅಂದುಕೊಂಡದ್ದು.

ಬಸ್ಸು ಹತ್ತುವಾಗ ಎಣಿಸಿದೆ. ಇಪ್ಪತ್ತೊಂದು.

ಬಸ್ಸಿನ ತುಂಬ ಶಾಲೆ ಬಿಟ್ಟ ಮಕ್ಕಳು. ಮಾತು ಸಾಧ್ಯವಿರಲಿಲ್ಲ. ರೈಲಿನಲ್ಲಿ ಎಲ್ಲರೂ ಕೂತ ಮೇಲೆ ಮೆತ್ತೆ ಎತ್ತಿ ತೋರಿಸಿದೆ. "ಇದರ ಯಜಮಾನರು ಯಾರಪ್ಪಾ? ಹೇಳದಿದ್ರೆ ನನ್ನ ಬೆಕ್ಕಿಗೆ ಹಾಸಿಗೆ ಆಗತ್ತೆ!"

ಯಾರ್ಮಿಲಾ ಎಂಬಾಕೆ ಹೆಣಿಗೆ ನಿಲ್ಲಿಸಿ ನೋಡಿದಳು. "ಅದು ಆ ಹೊಸಬ್ರದ್ದು. ಹೋದ ವಾರ ನನಗೆ ಕೂರೋಕೆ ಕೊಟ್ಟಿದ್ರು. ಅವರ ಹೆಂಡತಿ ಹೊಲಿದದ್ದಂತೆ, ಬೇಸಿಗೇಲಿ ತೀರ್ಕೊಂಡ್ರಂತೆ. ಎಲ್ಲಿ ಅವರು?"

ಬೋಗಿಯ ಈ ತುದಿಯಿಂದ ಆ ತುದಿಗೆ ಹೋದೆ. ಅವರಿಲ್ಲ. ಬೊಹೌಷ್ ಪಕ್ಕ ಬೆನ್ನುಚೀಲ ತೊಡೆಯ ಮೇಲಿಟ್ಟುಕೊಂಡು ಒಬ್ಬ ಮುದುಕ ಕೂತಿದ್ದ. ಉಣ್ಣೆಯ ಟೋಪಿ, ಕೈಯಲ್ಲಿ ಕೋಲು, ನಮ್ಮವರ ಹಾಗೇ.

"ಬೊಹೌಷ್, ಇವರು ಯಾರು?"

"ಇವನಾ? ಅಣಬೆಯ ಸರದಾರ! ಪಬ್ಬಿಂದ ಬಂದ್ನಲ್ಲ. ಪ್ರಾಗ್‌ನಲ್ಲಿ ತಂಗಿ ಮನೆಗೆ ಹೋಗ್ಬೇಕಂತೆ, ಒಟ್ಟಿಗೇ ಬಾ ಅಂದೆ."

"ನಮ್ಮವರಲ್ವಾ?"

"ಅಲ್ಲ. ನಿನಗೆ ಗೊತ್ತಿತ್ತಲ್ಲ? ಗೇಟಿನ ಹತ್ರ ನಿನ್ನ ಮುಂದೇನೇ ಬಂದ್ನಲ್ಲ?"

ಗೇಟಿನ ಹತ್ತಿರ ನಾನು ಮುಖ ನೋಡಿರಲಿಲ್ಲ. ಟೋಪಿ ಎಣಿಸಿದ್ದೆ.

ಪೊಲೀಸರಿಗೆ ಫೋನು ಮಾಡಿದಾಗ ನಾಲ್ಕೂ ಐವತ್ತು. ಕಿಟಕಿಯ ಹೊರಗೆ ಆಗಲೇ ಕಪ್ಪು. ಆ ಕಡೆಯ ಹುಡುಗನ ದನಿ ಸಮಾಧಾನದ್ದು.

"ಹೆಸರು ಹೇಳಿ."

"ಗೊತ್ತಿಲ್ಲ."

"ಅವರ ಫೋನ್ ನಂಬರು?"

"ಗೊತ್ತಿಲ್ಲ."

"ಎಷ್ಟು ದಿನದಿಂದ ಬರ್ತಿದ್ರು?"

"ಇದು ನಾಲ್ಕನೇ ವಾರ."

"ನಿಮ್ಮ ಹತ್ರ ಪಟ್ಟಿ ಅಂತ ಏನಾದ್ರೂ ಇರತ್ತಲ್ಲ ಪಾನಿ?"

"ಇಲ್ಲ."

"ಬಟ್ಟೆಯಾದ್ರೂ ಹೇಳಿ."

ಬೋಗಿಯಲ್ಲಿದ್ದವರನ್ನು ಕೇಳಿದೆ. ಒಬ್ಬಳು ಬೂದು ಕೋಟು ಎಂದಳು, ಒಬ್ಬ ಹಸಿರು ಎಂದ, ಯಾರ್ಮಿಲಾ ಕಂದು ಎಂದಳು. ಇಡೀ ದಿನ ಒಂದೇ ದಾರಿಯಲ್ಲಿ ನಡೆದು, ಒಂದೇ ಸೂರಿನಡಿ ಉಂಡ ಇಪ್ಪತ್ತು ಜನಕ್ಕೆ ಒಬ್ಬ ಮನುಷ್ಯನ ಕೋಟಿನ ಬಣ್ಣ ಗೊತ್ತಿರಲಿಲ್ಲ.

ನಾನೂ ಬೊಹೌಷನೂ ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಟ್ಯಾಕ್ಸಿ ಹಿಡಿದು ಪಬ್ಬಿಗೆ ವಾಪಸಾದೆವು. ಪಬ್ಬಿನಾಕೆ ನಮ್ಮನ್ನು ನೋಡಿದ ಕೂಡಲೇ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ನೀವು ಹೋಗಿ ಐದು ನಿಮಿಷ ಆಗಿತ್ತೋ ಏನೋ, ಹಿತ್ತಲ ಕಡೆ ಪಾಯಿಖಾನೆಯಿಂದ ಅವರು ಬಂದ್ರು. ಬೆಂಚು ನೋಡಿ, ನನ್ನ ಮೆತ್ತೆ ಎಲ್ಲಿ ಅಂದ್ರು. ನಿಮ್ಮವರ ಕೈಗೆ ಕೊಟ್ಟಿದೀನಿ, ಅವರು ತಗೊಂಡು ಹೋದ್ರು ಅಂದೆ. ಆಗ ಅವರು ನಕ್ರು ಪಾನಿ. 'ಹಾಗಾದ್ರೆ ನಾನು ಹಿಂದೆ ಉಳಿದಿದೀನಿ ಅಂತ ಅವರಿಗೆ ಗೊತ್ತು. ಮುಂದೆ ಎಲ್ಲೋ ಕಾಯ್ತಿರ್ತಾರೆ,' ಅಂದ್ರು. ಯಾವ ಕಡೆ ಅಂತ ಕೇಳಿದ್ರು. ಹಳದಿ ಗೆರೆ ಹಿಡ್ಕೊಂಡು ಹೋಗಿ ಅಂದೆ. ಓಡೋ ಹಾಗೇ ಹೋದ್ರು."

ಅಗ್ನಿಶಾಮಕದವರು ಬಂದರು, ಹಳ್ಳಿಯ ಗಂಡಸರು ಟಾರ್ಚು ಹಿಡಿದು ಬಂದರು, ನಾಯಿಯೂ ಬಂತು. ವಾಸನೆ ತೋರಿಸಲು ಏನಿದೆ ಎಂದು ಕೇಳಿದರು. ಮೆತ್ತೆ ಕೊಟ್ಟೆ. ಆದರೆ ಅದು ಮಧ್ಯಾಹ್ನದಿಂದ ನನ್ನ ಬೆನ್ನ ಮೇಲಿತ್ತು. ನಾಯಿ ಮೂಸಿ, ತಿರುಗಿ, ನನ್ನ ಹತ್ತಿರವೇ ಬಂದು ನಿಂತಿತು. ಎರಡು ಸಲ ಹಾಗೇ ಆಯಿತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಟಾರ್ಚಿನ ಬೆಳಕು ಹಾಲು ಚೆಲ್ಲಿದ ಹಾಗೆ ಅಲ್ಲೇ ನಿಲ್ಲುತ್ತಿತ್ತು. ನಾವು ಕೂಗಿದೆವು. ಏನೆಂದು ಕೂಗುವುದು? ಹೆಸರಿಲ್ಲ. "ಪಾನ್! ಪಾನ್!" ಎಂದು ಕೂಗಿದೆವು. ಯಜಮಾನರೇ, ಯಜಮಾನರೇ ಎಂದು ಕಾಡಿನಲ್ಲಿ ಕೂಗಿದ ಹಾಗೆ. ಬೊಹೌಷನ ಗಂಟಲು ಕಟ್ಟಿಹೋಯಿತು.

ಬೆಳಿಗ್ಗೆ ಏಳಕ್ಕೆ ಬೆಳಕು ಹರಿದಾಗ ಸಿಕ್ಕರು. ಕಡಿದ ಬಯಲಿನ ಕೆಳಂಚಿನಲ್ಲಿ, ಪೇರಿಸಿದ ಮರದ ದಿಮ್ಮಿಗಳಿಗೆ ಒರಗಿ ಕೂತಿದ್ದರು. ಕಾಲು ಜೋಡಿಸಿ, ಕೈ ಕಂಕುಳಲ್ಲಿಟ್ಟುಕೊಂಡು. ಕೋಟು ನೀಲಿ ಬಣ್ಣದ್ದು. ಟ್ರಾಕ್ಟರಿನ ದಾರಿ ಹಿಡಿದು ಎರಡು ಸುತ್ತು ಅದೇ ಜಾಗಕ್ಕೆ ಬಂದಿದ್ದರೆಂದು ಹೆಜ್ಜೆ ನೋಡಿದವರು ಹೇಳಿದರು. ಅಲ್ಲಿಂದ ಹಳೇ ಗಿರಣಿ ಬಸ್ ನಿಲ್ದಾಣ ಆರುನೂರು ಮೀಟರು. ಮಂಜು ಸರಿದ ಮೇಲೆ ನಿಲ್ದಾಣದ ತಗಡಿನ ಸೂರು ಅಲ್ಲಿಂದಲೇ ಕಾಣುತ್ತಿತ್ತು. ಥಂಡಿ, ಹೃದಯ ಎರಡೂ ಎಂದರು ಡಾಕ್ಟರು. ನಡುರಾತ್ರಿಯವರೆಗೂ ಜೀವ ಇದ್ದಿರಬೇಕಂತೆ. ನಾವು ಕೂಗುತ್ತಿದ್ದದ್ದು ಕೇಳಿಸಿತ್ತೇ, ಕೇಳಿಸಿದರೂ ತಮ್ಮನ್ನೇ ಎಂದು ತಿಳಿಯಿತೇ, ಇದನ್ನು ನಾನು ಯಾರನ್ನೂ ಕೇಳಿಲ್ಲ.

ಕಿಸೆಯಲ್ಲಿ ಮೊಬೈಲು ಇರಲಿಲ್ಲ, ಹಿರಿಯರ ಟ್ರಾಮು ಕಾರ್ಡು ಇತ್ತು. ಅದರಿಂದ ಹೆಸರು ತಿಳಿಯಿತು. ಲುಬೋರ್ ಸ್ತೆಹ್ಲಿಕ್.

ಪೊಲೀಸರು ನನ್ನನ್ನು ಎರಡು ಸಲ ಕರೆಸಿದರು. ವಯಸ್ಸಾದ ಜನ, ತಮ್ಮ ಇಷ್ಟದಿಂದ ಬಂದವರು, ಕಾನೂನಿನ ಪ್ರಕಾರ ಯಾರ ಮೇಲೂ ತಪ್ಪಿಲ್ಲ ಎಂದು ಬರೆದು ಮುಗಿಸಿದರು. ಟ್ರಾಮಿನಲ್ಲಿ ಕನ್ನಡಿ ನೋಡದೆ ನಾನು ಒಂದು ದಿನವೂ ಬಾಗಿಲು ಹಾಕಿದವಳಲ್ಲ. ಯಾರದಾದರೂ ಕೋಟಿನ ಅಂಚು ಸಿಕ್ಕಿಕೊಂಡು ಸತ್ತಿದ್ದರೆ ತಪ್ಪು ನನ್ನದೇ ಆಗುತ್ತಿತ್ತು. ಕಾಗದದಲ್ಲಿ ಏನು ಬರೆದರೇನು?

ಮುಂದಿನ ಗುರುವಾರ ನಡಿಗೆ ಇಟ್ಟಿರಲಿಲ್ಲ. ಆದರೂ ಒಬ್ಬೊಬ್ಬರೇ ಗಡಿಯಾರದ ಕೆಳಗೆ ಬಂದು ಸೇರಿದರು. ಸ್ತೆಹ್ಲಿಕ್ ಅವರ ಮಗಳೂ ಬಂದಳು. ಇಲೋನಾ ಎಂದು ಹೆಸರು, ನಲವತ್ತೈದರ ಹೆಂಗಸು, ಅಪ್ಪನದೇ ತೆಳ್ಳನೆ ಮುಖ. ಬೈಯುತ್ತಾಳೆ ಎಂದು ನಾನು ತಯಾರಾಗಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಹೋದ ಗುರುವಾರ ರಾತ್ರಿ ನಾನು ಮನೆಗೆ ಫೋನ್ ಮಾಡ್ದೆ," ಎಂದಳು. "ಎತ್ತಲಿಲ್ಲ. ನಡಿಗೆಯವರ ಜೊತೆ ಎಲ್ಲೋ ಕೂತಿರ್ತಾರೆ ಅಂದ್ಕೊಂಡು ಸಂತೋಷಪಟ್ಟೆ. 'ಗುರುವಾರ ಒಂದಿನ ನಾನು ಒಬ್ಬನೇ ಇರಲ್ಲ' ಅಂತ ಅಪ್ಪ ಹೇಳ್ತಿದ್ರು." ಸುತ್ತಲೂ ನೋಡಿದಳು. "ಅಪ್ಪನ ಪಕ್ಕ ಯಾರು ನಡೀತಿದ್ರಿ?"

ಯಾರ್ಮಿಲಾ ಅಳತೊಡಗಿದಳು. ಬೊಹೌಷ್ ಟೋಪಿ ಕೈಯಲ್ಲಿ ಹಿಡಿದು ನೆಲ ನೋಡುತ್ತ ನಿಂತ.

ನಾನು ಮೆತ್ತೆ ತೆಗೆದು ಕೊಟ್ಟೆ. ಇಲೋನಾ ಅದರ ಅಂಚನ್ನು ಬೆರಳಿನಿಂದ ಸವರಿ, "ಅಮ್ಮ ಹೊಲಿದದ್ದು," ಎಂದು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಅವಳು ಟ್ರಾಮು ಹತ್ತುವವರೆಗೂ ನಾವು ನೋಡುತ್ತಿದ್ದೆವು.

ಆಮೇಲೆ ನಾನು ಚೀಲದಿಂದ ಹೊಸ ನೋಟುಪುಸ್ತಕ ತೆಗೆದೆ.

"ಇನ್ಮೇಲೆ ಹೆಸರು ಬರೀತೀನಿ. ಹೆಸರು, ಫೋನ್ ನಂಬರು, ಮನೇಲಿ ಯಾರಿಗೆ ತಿಳಿಸ್ಬೇಕು ಅನ್ನೋದು. ಎಣಿಸೋ ಹೊತ್ತಿಗೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗ್ತೀನಿ."

ವಿಲೆಮ್ ಕೋಲೂರಿ ಮುಂದೆ ಬಂದ. "ಪುಸ್ತಕ ಒಳಗಿಡು ಕ್ವೆತಾ."

"ಇಡಲ್ಲ ವಿಲೆಮ್."

"ಅದೂ ಹೀಗೇ ಶುರುವಾಗಿದ್ದು. ಒಳ್ಳೇದಕ್ಕೆ ಅಂತಾನೇ. ಟಿಕೆಟ್ಟಲ್ಲಿ ನಾಲ್ಕು ಕಾಸು ಉಳೀಲಿ ಅಂತ."

"ಆ ಪಟ್ಟಿ ನಿನ್ನ ಒಂಬತ್ತು ವರ್ಷ ತಿಂತು, ಗೊತ್ತು. ನಿನ್ನ ಮಾತು ಸುಳ್ಳು ಅನ್ನಲ್ಲ. ಆದ್ರೆ ಅವರು ಕೈ ಚಾಚಿ ಹೆಸರು ಹೇಳೋಕೆ ಬಂದ್ರು, ನಾನು ನಕ್ಕು ಬಾಯಿ ಮುಚ್ಚಿಸ್ದೆ. ನೀನೂ ನಕ್ಕೆ. ಪಕ್ಕದಲ್ಲೇ ಇದ್ದೆ."

ಅವನು ತುಂಬ ಹೊತ್ತು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದ. "ನಕ್ಕೆ," ಎಂದ. "ಅದನ್ನ ನಾನು ಹೊತ್ಕೋತೀನಿ. ಆದ್ರೆ ಹೆಸರು ಬರ್ಕೊಂಡವಳ ಹಿಂದೆ ನಡೆಯೋಕೆ ನನ್ನ ಕೈಲಾಗಲ್ಲ. ಕಾಲೇ ಏಳಲ್ಲ, ಏನ್ಮಾಡ್ಲಿ?"

ಅವನು ಹೋದ. ಅವನ ಕಾಲದವರು ಐದಾರು ಮಂದಿ ಅವನ ಹಿಂದೆಯೇ ಹೋದರು. ಕೆಲವರು ಮುಂದಿನ ವಾರ ಬರುತ್ತೇವೆಂದು ಹೇಳಿ ಬರಲಿಲ್ಲ. ಬೊಹೌಷ್ ಹೆಸರು ಬರೆಸಿದ, ಆದರೆ ಬಾಲಕ್ಕೆ ನಿಲ್ಲಲು ಒಪ್ಪಲಿಲ್ಲ. ಈಗ ನನ್ನ ಬೆನ್ನ ಹಿಂದೆಯೇ ನಡೆಯುತ್ತಾನೆ, ಮಾತು ಕಡಿಮೆ. ಬಾಲಕ್ಕೆ ಯಾರ್ಮಿಲಾ.

ಬಯಲಿನಲ್ಲಿ ಈಗ ಕಂಬ ನೆಟ್ಟು ಅದಕ್ಕೆ ಹಳದಿ ಗೆರೆ ಬಳಿದಿದ್ದಾರೆ. ನಾನು ಫೋನು ಮಾಡಿದ ಮೇಲೆ, ಮಾರ್ಚಿನಲ್ಲಿ. ಗ್ರಂಥಾಲಯದ ಗೋಡೆಯ ಚೀಟಿಯಲ್ಲಿ 'ಸುಲಭ' ಎಂಬ ಮಾತನ್ನು ನಾನು ಈಗ ಬರೆಯುವುದಿಲ್ಲ. ಎಷ್ಟು ಕಿಲೋಮೀಟರು, ಎಷ್ಟು ಏರು ಎಂದಷ್ಟೇ ಬರೆಯುತ್ತೇನೆ. ಹೊಸಬರು ಬಂದರೆ ಮೊದಲು ನಾನೇ ಕೈ ಚಾಚುತ್ತೇನೆ. ಅವರು ಚಹಾ ಕುಡಿದರೂ ನನ್ನ ಗ್ಲಾಸು ಅದಕ್ಕೆ ತಾಗಿಸುತ್ತೇನೆ.

ಆಗ ಇಪ್ಪತ್ತೊಂದು ಜನ ಇದ್ದೆವು, ಈಗ ಒಂಬತ್ತು. ಮೂವತ್ತು ವರ್ಷದ ಗೆಳೆಯ ವಿಲೆಮ್ ನನ್ನ ಫೋನು ಎತ್ತುವುದಿಲ್ಲ. ಲುಬೋರ್ ಸ್ತೆಹ್ಲಿಕ್ ಸತ್ತರು. ಅವರಾದ ಮೇಲೆ ಯಾರೂ ಹಿಂದೆ ಉಳಿದಿಲ್ಲ.